ಲೇಬಿಯಾಪ್ಲಾಸ್ಟಿ ಸರಿಪಡಿಸಲು ಸರ್ಜನ್ ಹುಡುಕಿದ್ದು: ನನ್ನ ಅನುಭವ

ಲೇಬಿಯಾಪ್ಲಾಸ್ಟಿ ಅಂದರೆ ಯೋನಿಯ ಒಳತುಟಿಯನ್ನು ಚಿಕ್ಕದು ಮಾಡುವ ಆಪರೇಷನ್. ಮೊದಲ ಸಲ ಮಾಡಿಸಿದಾಗ ನನ್ನ ಬಲಗಡೆ ಒಳತುಟಿಯನ್ನು ಜಾಸ್ತಿಯೇ ಕತ್ತರಿಸಿದ್ದರು. ಎಡಗಡೆಯ ಅಂಚು ಸೊಟ್ಟಪಟ್ಟ ಆಗಿತ್ತು, ಬಿಗಿ ಬಟ್ಟೆ ತಾಗಿದರೆ ಉರಿಯುತ್ತಿತ್ತು. ಮಾಡಿದ ಡಾಕ್ಟರೇ ‘ಮುಂದಿನ ತಿಂಗಳು ಬನ್ನಿ, ದುಡ್ಡಿಲ್ಲದೆ ಸರಿ ಮಾಡ್ತೀನಿ’ ಅಂದರು. ನಾನು ಒಪ್ಪಲಿಲ್ಲ. ಊತ ಇಳಿದು ಕಲೆ ಮೆತ್ತಗಾಗಲು ಸಾಮಾನ್ಯವಾಗಿ ಆರು ತಿಂಗಳಾದರೂ ಬೇಕು. ರಕ್ತ, ಕೀವು, ಜ್ವರ ಇದ್ದರೆ ಮಾತ್ರ ಕಾಯಬಾರದು, ತಕ್ಷಣ ತೋರಿಸಬೇಕು.

ಕಾಯುವ ಸಮಯದಲ್ಲಿ ಹಳೇ ಆಸ್ಪತ್ರೆಗೆ ಅರ್ಜಿ ಬರೆದು ಆಪರೇಷನ್ ನೋಟ್ಸ್ ತರಿಸಿಕೊಂಡೆ. ಡಿಸ್ಚಾರ್ಜ್ ಸಮರಿ ಒಂದೇ ಸಾಲದು. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅಂಚನ್ನೇ ಉದ್ದಕ್ಕೆ ಕತ್ತರಿಸಿದ್ದಾರಾ, ಇಲ್ಲಾ ಮಧ್ಯದಿಂದ ತ್ರಿಕೋನದ ತುಂಡು ತೆಗೆದು ಹೊಲಿದಿದ್ದಾರಾ? ಎರಡನೇ ಸರ್ಜನ್‌ಗೆ ಇದು ಗೊತ್ತಿರಲೇಬೇಕು. ಉಳಿದ ಚರ್ಮಕ್ಕೆ ರಕ್ತ ಎಲ್ಲಿಂದ ಬರುತ್ತಿದೆ ಅನ್ನೋದನ್ನು ಅವರು ಇದರಿಂದಲೇ ಅಂದಾಜು ಮಾಡುವುದು.

‘ಕಾಸ್ಮೆಟಿಕ್’ ಅಂತ ಬೋರ್ಡ್ ಹಾಕಿದವರೆಲ್ಲ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಎಂ.ಸಿಎಚ್. ಅನ್ನೋ ಉನ್ನತ ಪದವಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ಓದಿದವರ ಹೆಸರನ್ನು ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ನೋಡಿಕೊಂಡೆ. ಆದರೆ ಮೊದಲ ಸಲ ಮಾಡೋದು ಬೇರೆ, ಇನ್ನೊಬ್ಬರು ಕೆಡಿಸಿದ್ದನ್ನು ಸರಿ ಮಾಡೋದು ಬೇರೆ. ಹಾಗಾಗಿ ಹೋದಲ್ಲೆಲ್ಲ ಇದನ್ನೇ ಕೇಳಿದೆ: ‘ಬೇರೆ ಕಡೆ ಮಾಡಿಸಿಕೊಂಡು ಕೆಟ್ಟು ಬಂದವರಿಗೆ ನೀವು ಸರಿ ಮಾಡಿದ್ದೀರಾ? ಅವರು ಒಪ್ಪಿ ಕೊಟ್ಟ ಫೋಟೋ ಇದೆಯಾ?’ ಒಬ್ಬರು ಪರೀಕ್ಷೆಗೂ ಮೊದಲೇ ಪ್ಯಾಕೇಜ್ ರೇಟು ಹೇಳಿದರು. ಇನ್ನೊಬ್ಬರು ‘ಮೊದಲು ಹೇಗಿತ್ತೋ ಹಾಗೇ ಮಾಡಿಕೊಡ್ತೀನಿ’ ಅಂದರು. ಕತ್ತರಿಸಿ ತೆಗೆದ ಚರ್ಮ ಮತ್ತೆ ಬೆಳೆಯಲ್ಲ ಅಲ್ವಾ? ಆ ಮಾತು ಕೇಳಿ ಎದ್ದು ಬಂದೆ.

ನಾನು ಆರಿಸಿಕೊಂಡ ಡಾಕ್ಟರ್ ನರ್ಸ್‌ನ ಜೊತೆಗಿಟ್ಟುಕೊಂಡು ನಿಧಾನವಾಗಿ ಪರೀಕ್ಷೆ ಮಾಡಿದರು. ನನ್ನ ಕೈಗೆ ಕನ್ನಡಿ ಕೊಟ್ಟು ಒಂದೊಂದೇ ಜಾಗ ತೋರಿಸಿದರು. ‘ಎಡಗಡೆ ಅಂಚು ಸರಿ ಮಾಡಬಹುದಮ್ಮ. ಬಲಗಡೆ ಚರ್ಮವೇ ಕಮ್ಮಿ ಇದೆ. ಕ್ಲಿಟೊರಿಸ್ (ಭಗಾಂಕುರ) ಮೇಲಿನ ಮಡಿಕೆಯಿಂದ ಚರ್ಮ ತಿರುಗಿಸಿ ತರಬೇಕಾಗುತ್ತೆ, ಅದು ಹಿಡಿಯದೇ ಹೋಗಬಹುದು. ಎರಡೂ ಕಡೆ ಒಂದೇ ಥರ ಆಗಲ್ಲ.’ ಸ್ಪರ್ಶ ಕಮ್ಮಿಯಾಗಬಹುದು ಅನ್ನೋದನ್ನೂ ನಾನು ಕೇಳುವ ಮೊದಲೇ ಹೇಳಿದರು. ಏನೂ ಮಾಡಿಸದೆ ಬಿಡುವುದೂ ಒಂದು ದಾರಿ ಅಂದರು. ಬ್ರಿಟನ್ನಿನಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 50 ಹೆಂಗಸರ ಒಳತುಟಿಯ ಅಗಲ 7ರಿಂದ 50 ಮಿಲಿಮೀಟರ್‌ವರೆಗೆ ಇತ್ತಂತೆ. ಇಷ್ಟು ವ್ಯತ್ಯಾಸ ಸಹಜ ಅಂತ ಮೊದಲ ಸಲ ಯಾರೂ ನನಗೆ ಹೇಳಿರಲಿಲ್ಲ. ಅದು ಈಗಲೂ ಸಂಕಟ ಕೊಡುತ್ತದೆ.

ನನಗೆ ಬೇಕಾಗಿದ್ದು ಉರಿ ಹೋಗುವುದು. ಬಲಗಡೆ ಮುಟ್ಟುವುದು ಬೇಡ ಅಂತ ಇಬ್ಬರೂ ಸೇರಿ ತೀರ್ಮಾನಿಸಿದೆವು. ಕನ್ಸೆಂಟ್ ಫಾರಂನಲ್ಲಿ ‘ಎಡಗಡೆ ಅಂಚು ಮಾತ್ರ’ ಎಂದು ಬರೆಸಿದ ಮೇಲೆಯೇ ಸಹಿ ಹಾಕಿದೆ.