‘ಓದಿ’ ಅಂತ ಯಾರೋ ಕರೆದರು

ಆಫ್ರಿಕಾದ ಮಲಾವಿಗೆ ಹೋಗಿ ಮೂರನೇ ದಿನ. ಬೆಳಗ್ಗೆ ಏಳು ಗಂಟೆ ಇರಬಹುದು. ಒಬ್ಬ ಹೆಂಗಸು ಅಂಗಳದಲ್ಲಿ ನಿಂತು ‘ಓದಿ! ಓದಿ!’ ಅಂತ ಕೂಗುತ್ತಿದ್ದರು. ನನ್ನದು ಕನ್ನಡದ ಕಿವಿ. ಏನನ್ನು ಓದಬೇಕು ಅಂತ ಗೊತ್ತಾಗದೆ ಕಿಟಕಿಯ ಹಿಂದೆ ಸುಮ್ನೆ ನಿಂತೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಕೈಯಲ್ಲಿದ್ದ ಕುಂಬಳ ಸೊಪ್ಪಿನ ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಹೋದರು. ‘ಒಳಗೆ ಬರಬಹುದಾ’ ಅನ್ನಲು ಅಲ್ಲಿನ ಚಿಚೆವಾ ಭಾಷೆಯಲ್ಲಿ ‘ಓದಿ’ ಅನ್ನುತ್ತಾರೆ, ‘ಬನ್ನಿ’ ಅನ್ನಲು ‘ಓದಿನಿ’ ಅನ್ನಬೇಕು ಅಂತ ಸಂಜೆ ತಿಳಿಯಿತು. ಮನೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿಬಿಟ್ಟೆನಲ್ಲ ಅಂತ ರಾತ್ರಿಯೆಲ್ಲ ಸಂಕಟವಾಯಿತು.

ನಾನು ಕೊಡಗಿನ ಸಿದ್ದಾಪುರದ ಕಡೆಯವಳು. ನಮ್ಮ ಹತ್ತಿರ ಆನಂದಪುರ ಇದೆ. 1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರಿಂದ ಬೆಳೆದ ಕ್ರೈಸ್ತ ಸಭೆ ಅಲ್ಲಿನದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರೂ ಅವರೇ. ಸಂಡೇ ಸ್ಕೂಲಿನಲ್ಲಿ ಅವರ ಪತ್ರಿಕೆ, ಪುಸ್ತಕಗಳ ಬಗ್ಗೆ ಬೇಕಾದಷ್ಟು ಕೇಳಿದ್ದೆ. ಆದರೆ ಅವರು ಮಧ್ಯಾಹ್ನ ಏನು ಉಂಡರು, ಜೋರು ಮಳೆಯ ಸಂಜೆ ಯಾರ ಜಗಲಿಯಲ್ಲಿ ಕೂತರು ಅಂತ ಯಾರೂ ಹೇಳಿರಲಿಲ್ಲ. ಪರದೇಶಕ್ಕೆ ಹೋದ ಮೇಲೆ ನನಗೆ ಬೇಕಾಗಿದ್ದು ಅದೇ.

ನಮ್ಮ ಯಜಮಾನರು ಸಭಾಪಾಲಕರು. ಅಲ್ಲಿನ ಸಭೆಯ ಮುಖಂಡರಿಗೆ ಬೈಬಲ್ ಕಲಿಸುವ ಕೆಲಸಕ್ಕೆ 2012ರಲ್ಲಿ ಹೋದೆವು, ಐದು ವರ್ಷ ಇದ್ದೆವು. ನಾನು ಹೆಂಗಸರ ಜೊತೆ ಕೆಲಸ ಮಾಡಬೇಕಿತ್ತು. ನಾವಿದ್ದ ಊರು ಥ್ಯೋಲೊ. ಅಲ್ಲಿನವರ ಬಾಯಲ್ಲಿ ‘ಚೋಲೊ’. ಬ್ಲಾಂಟೈರ್ ನಗರದ ತೆಂಕಣಕ್ಕೆ, ಗುಡ್ಡದ ತುಂಬ ಚಹಾ ತೋಟ. ಬೆಳಗಿನ ಮಂಜು, ಕೆಂಪು ಮಣ್ಣಿನ ರಸ್ತೆ, ತೋಟಕ್ಕೆ ಹೋಗುವ ಆಳುಗಳ ಸಾಲು. ಮೊದಲ ನೋಟಕ್ಕೆ ಕೊಡಗೇ. ಬ್ಲಾಂಟೈರಿನ ಮಿಷನ್ನಿಗೆ 1878ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಕಾಫಿ ಗಿಡ ತಂದು ನೆಟ್ಟಿದ್ದರಂತೆ. ಅದನ್ನು ಕೇಳಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಲ್ಲಿ ಸಂಜೆ ಆರು ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮ ಟಾರ್ಚ್ ಹಿಡಿದು ಕಾಫಿ ಕಣದ ತುದಿಗೆ ಬಂದರೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು.

ಹೋದ ಹೊಸತರಲ್ಲಿ ಗುರುವಾರ ನಾಲ್ಕು ಗಂಟೆಗೆ ಮನೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ಅಂತ ಇಟ್ಟೆ. ಕುರ್ಚಿ ತರಿಸಿದೆ, ಚಹಾ ಮಾಡಿದೆ. ಮೊದಲ ವಾರ ಇಬ್ಬರು ಬಂದರು, ಎರಡನೇ ವಾರ ಒಬ್ಬರು, ಮೂರನೇ ವಾರ ಯಾರೂ ಇಲ್ಲ. ಇಲ್ಲಿ ಕೊಡಗಿನಲ್ಲಿ ತೋಟದ ಆಳುಗಳಿರುವ ಲೈನ್ ಮನೆ ಹೆಂಗಸರಿಗೆ ನಾಲ್ಕು ಗಂಟೆ ಎಂಥ ಹೊತ್ತು ಅಂತ ಹುಟ್ಟಿನಿಂದ ನೋಡಿದವಳು ನಾನು. ಕೆಲಸ ಬಿಟ್ಟು ಬಂದು ನೀರು ಹಿಡಿಯಬೇಕು, ಸೌದೆ ಒಟ್ಟಬೇಕು. ಅಲ್ಲಿ ಅದು ನನಗೆ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಆಮೇಲೊಂದು ದಿನ ಸೊಪ್ಪು ಇಟ್ಟು ಹೋಗಿದ್ದ ಆ ಅಕ್ಕನ ಮನೆಯಲ್ಲಿ ಸಾವಾಯಿತು. ನನಗೆ ಬರುತ್ತಿದ್ದದ್ದು ಹತ್ತೋ ಹನ್ನೆರಡೋ ಮಾತು. ಹೋಗಿ ಏನು ಹೇಳಲಿ ಅಂತ ಹೆದರಿಕೆ. ಪಕ್ಕದ ಮನೆಯವರು ಬಂದು ನನ್ನ ಸೊಂಟಕ್ಕೆ ಚಿತೆಂಜೆ ಸುತ್ತಿದರು. ಲುಂಗಿಯ ಹಾಗೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ ಅದು, ಇಲ್ಲದೆ ಸಾವಿನ ಮನೆಗೆ ಹೋಗುವ ಹಾಗಿಲ್ಲ. ತಲೆಗೂ ಒಂದು ಬಟ್ಟೆ ಕಟ್ಟಿದರು. ಕೈ ಹಿಡಿದು ಕರೆದುಕೊಂಡು ಹೋದರು. ಗಂಡಸರೆಲ್ಲ ಹೊರಗೆ ಮರದ ಕೆಳಗೆ, ಹೆಂಗಸರು ಒಳಗೆ ನೆಲದ ಮೇಲೆ, ಕಾಲು ಚಾಚಿ, ಒಬ್ಬರಿಗೊಬ್ಬರು ತಾಗಿಕೊಂಡು. ನನಗೂ ಅಂಗೈಯಷ್ಟು ಜಾಗ ಮಾಡಿಕೊಟ್ಟರು. ‘ಪೆಪಾನಿ’ ಅಂದೆ. ಅಯ್ಯೋ ಪಾಪ, ನಿಮ್ಮ ನೋವು ನನಗೂ ನೋವು, ಎಲ್ಲವೂ ಆ ಒಂದು ಮಾತಿನಲ್ಲಿದೆ. ಆಮೇಲೆ ಮಾತೇ ಬೇಕಾಗಲಿಲ್ಲ. ಯಾರೋ ಹಾಡು ಎತ್ತುತ್ತಿದ್ದರು, ಉಳಿದವರು ಕೂಡಿಕೊಳ್ಳುತ್ತಿದ್ದರು. ರಾತ್ರಿಯಿಡೀ ಹಾಗೇ ಕೂತೆವು. ನಮ್ಮ ಸತ್ಯವೇದದಲ್ಲಿ ‘ಅನ್ಯೋನ್ಯತೆ’ ಅಂತ ಒಂದು ಮಾತಿದೆ ಅಲ್ವಾ, ಅದು ನನಗೆ ಮೈಗೆ ತಾಗಿ ತಿಳಿದದ್ದು ಆ ನೆಲದ ಮೇಲೆ.

ಗುರುವಾರದ ಕೂಟವನ್ನು ಅಲ್ಲಿಗೇ ಬಿಟ್ಟೆ. ಕುರ್ಚಿಗಳನ್ನು ವಾಪಸ್ ಕಳಿಸಿದೆ. ಜನರನ್ನು ಕರೆಯುವ ಬದಲು ನಾನೇ ಹೋಗತೊಡಗಿದೆ. ದಿನಕ್ಕೆ ಎರಡು ಮನೆ, ಜಾಸ್ತಿ ಇಲ್ಲ. ಅಂಗಳದಲ್ಲಿ ನಿಂತು ‘ಓದಿ’ ಅನ್ನುವುದು, ಅವರು ಜೋಳ ಸುಲಿಯುತ್ತಿದ್ದರೆ ನಾನೂ ಸುಲಿಯುವುದು. ಭಾಷೆ ಬಂದಿದ್ದೇ ಹಾಗೆ. ಪುಸ್ತಕದಿಂದ ನಾನು ಆರು ತಿಂಗಳಲ್ಲಿ ಕಲಿತದ್ದಕ್ಕಿಂತ ಜೋಳದ ಬುಟ್ಟಿಯ ಮುಂದೆ ಒಂದು ತಿಂಗಳಲ್ಲಿ ಕಲಿತದ್ದು ಹೆಚ್ಚು. ಬೆಳಗ್ಗೆ ಎದ್ದು ಸಿಕ್ಕವರಿಗೆ ‘ಮ್ವಾದ್ಸುಕ ಬ್ವಾಂಜಿ’ ಅನ್ನಬೇಕು, ಹೇಗೆ ಎದ್ದಿರಿ ಅಂತ. ಚೆನ್ನಾಗಿ ಎದ್ದೆ, ನೀವು ಹೇಗೆ ಎದ್ದಿರಿ ಅಂತ ಅವರು ಕೇಳುತ್ತಾರೆ. ಇದಾಗದೆ ಮುಂದಿನ ಮಾತೇ ಇಲ್ಲ. ಅಂಗಡಿಯಲ್ಲಿ ಉಪ್ಪು ಕೇಳಬೇಕಾದರೂ ಅಷ್ಟೇ.

ಅವರ ಊಟ ಎನ್‌ಸಿಮಾ. ನಮ್ಮ ಮುದ್ದೆಯ ಅಕ್ಕ ಅನ್ನಿ, ಆದರೆ ಬಿಳಿ ಜೋಳದ ಹಿಟ್ಟಿನದು. ನಾವು ಮೆಕ್ಕೆಜೋಳ ಅನ್ನುವುದರದ್ದು. ಮೊದಲು ತೆಳ್ಳಗೆ ಗಂಜಿ ಮಾಡಿ, ಕೊತಕೊತ ಕುದಿಸಿ, ಮತ್ತೆ ಹಿಟ್ಟು ಹಾಕುತ್ತಾ ಮರದ ಕೋಲಿನಿಂದ ತಿರುವಬೇಕು. ತೋಳಿನಲ್ಲಿ ಶಕ್ತಿ ಬೇಕು. ಊಟಕ್ಕೆ ಮೊದಲು ಮನೆಯ ಹುಡುಗಿ ಚೊಂಬು, ಬೋಗುಣಿ ಹಿಡಿದು ಮಂಡಿಯೂರಿ ಒಬ್ಬೊಬ್ಬರ ಕೈಗೆ ನೀರು ಹಾಕುತ್ತಾಳೆ. ನೆಂಚಿಕೊಳ್ಳಲು ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ಕುಂಬಳ ಸೊಪ್ಪು, ಇಲ್ಲದಿದ್ದರೆ ಸರೋವರದ ಸಣ್ಣ ಒಣಮೀನು. ಒಣಮೀನಿನ ವಾಸನೆ ಬಂದರೆ ಮಳೆಗಾಲದ ನಮ್ಮ ಅಡುಗೆ ಮನೆಯಲ್ಲೇ ಇದ್ದ ಹಾಗಾಗುತ್ತಿತ್ತು.

ಎರಡನೇ ಮಳೆಗಾಲದಲ್ಲಿ ನನಗೆ ಮಲೇರಿಯ ಬಂತು. ಯಜಮಾನರು ದೂರದ ಹಳ್ಳಿಗೆ ಹೋಗಿದ್ದರು. ಸಹಾಯ ಮಾಡಲು ಬಂದವಳು ನಾನು, ಈಗ ಎದ್ದು ನೀರು ಕುಡಿಯಲೂ ಆಗುತ್ತಿಲ್ಲ. ಹೆಂಗಸರು ಸರದಿ ಹಾಕಿಕೊಂಡು ಬಂದರು. ಒಬ್ಬರು ಗಂಜಿ ಕುಡಿಸಿದರು. ಒಬ್ಬರು ಕೇಳದೆಯೇ ನನ್ನ ಬಟ್ಟೆ ಒಗೆದು ಹಾಕಿದರು. ಬೇಡ ಅಂದರೆ ಗದರಿದರು. ಪರದೇಶದಲ್ಲಿ ಕೆಲಸ ಮಾಡಲು ಹೊರಟವರು ಯಾರಾದರೂ ನನ್ನನ್ನು ಕೇಳಿದರೆ, ಇದನ್ನೇ ಮೊದಲು ಹೇಳುತ್ತೇನೆ: ಮಾಡಿಸಿಕೊಳ್ಳುವುದನ್ನು ಕಲಿಯಿರಿ. ಅದು ಮಾಡುವುದಕ್ಕಿಂತ ಕಷ್ಟ.

ನಮ್ಮ ಹಾಗೆ ಹೊರಗಿನಿಂದ ಬಂದವರೂ ಒಂದಷ್ಟು ಜನ ಇದ್ದರು. ಕೊರಿಯಾದ ದಂಪತಿ, ಸ್ಕಾಟ್ಲೆಂಡಿನ ಒಬ್ಬ ನರ್ಸ್. ತಿಂಗಳಿಗೊಮ್ಮೆ ಸೇರಿ ಊಟ, ಪ್ರಾರ್ಥನೆ. ಅದೂ ಬೇಕು, ಸುಳ್ಳು ಯಾಕೆ ಹೇಳಲಿ. ಸುಸ್ತಾಗಿದೆ, ಊರಿನ ನೆನಪಾಗುತ್ತಿದೆ ಅಂತ ಅಳಬಹುದಾದ ಜಾಗ ಅದೊಂದೇ. ಬ್ಲಾಂಟೈರಿನ ಲಿಂಬೆ ಅನ್ನುವ ಪೇಟೆಯ ಗುಜರಾತಿ ಅಂಗಡಿಯಲ್ಲಿ ತೊಗರಿಬೇಳೆ ತಂದು ಸಾರು ಮಾಡಿ ಬಡಿಸುತ್ತಿದ್ದೆ. ಆದರೆ ವಾರವೆಲ್ಲ ಅಲ್ಲೇ ಕಳೆದುಬಿಟ್ಟರೆ ಊರಿನವರ ಅಂಗಳ ದೂರವಾಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆ.

2015ರ ಜನವರಿಯಲ್ಲಿ ಶೀರೆ ಕಣಿವೆಯಲ್ಲಿ ದೊಡ್ಡ ನೆರೆ ಬಂತು. ಜನವರಿ ಅಂದರೆ ಅಲ್ಲಿ ಹಸಿವಿನ ತಿಂಗಳು, ಹಳೆ ಜೋಳ ಮುಗಿದಿರುತ್ತದೆ, ಹೊಸತು ಬಂದಿರುವುದಿಲ್ಲ. ಆದರೂ ಭಾನುವಾರ ಕಾಣಿಕೆಯ ಹೊತ್ತಿಗೆ ಹೆಂಗಸರು ಹಾಡುತ್ತಾ ಮುಂದೆ ಬಂದು ಬಟ್ಟಲು ಬಟ್ಟಲಾಗಿ ಹಿಟ್ಟು ಸುರಿದರು. ಒಂದು ಚೀಲ ತುಂಬಿ ಇನ್ನೊಂದು ತರಬೇಕಾಯಿತು.

ನಾವು ವಾಪಸ್ ಬಂದ ಮರುವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನ ಗುಡ್ಡಗಳು ಜಾರಿದವು. ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸುತ್ತಿದ್ದಾಗ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಥ್ಯೋಲೊದ ಹೆಂಗಸರು. ಮೊದಲು ‘ಪೆಪಾನಿ, ಮಾಯಿ’ ಅಂದರು, ಅಮ್ಮ ಅಂತ ಅರ್ಥ. ಆಮೇಲೆ ಆ ಸಾವಿನ ಮನೆಯಲ್ಲಿ ಹಾಡಿದ ಹಾಡು. ಬಡಿಸುವ ಸೌಟು ಕೈಯಲ್ಲೇ ಇತ್ತು.

ಈಗ ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ತುಂಬಾ ಇದ್ದಾರೆ. ಅವರಿಗೆ ಕೊಡಗೇ ಪರದೇಶ. ಕೊಯ್ಲಿನ ಕಾಲದಲ್ಲಿ ಕತ್ತಲಾಗುವವರೆಗೂ ಕೆಲಸ, ಆಮೇಲೆ ಮುಚ್ಚಿದ ಬಾಗಿಲು. ಕಳೆದ ವಾರ ಹೊಸದಾಗಿ ಬಂದ ಒಂದು ಕುಟುಂಬವನ್ನು ನೋಡಲು ಹೋದೆ. ನನ್ನ ಹರಕು ಹಿಂದಿಯಲ್ಲಿ ಅಂಗಳದಿಂದಲೇ ‘ದೀದಿ, ದೀದಿ’ ಅಂತ ಕರೆದೆ. ಬಾಗಿಲು ತೆಗೆಯಲಿಲ್ಲ. ಕಿಟಕಿಯ ಹಿಂದೆ ಯಾರೋ ನಿಂತಿದ್ದು ಕಾಣಿಸಿತು. ಸ್ವಲ್ಪ ಹೊತ್ತು ಕಾದು, ತಂದಿದ್ದ ಕುಂಬಳ ಚಿಗುರನ್ನು ಮೆಟ್ಟಿಲ ಮೇಲಿಟ್ಟು ಬಂದೆ. ನಾಳೆ ಭಾನುವಾರ, ಅವರಿಗೂ ರಜೆ. ಮತ್ತೆ ಹೋಗಬೇಕು.