ಕಾರಣ ಸಿಗದ ಸ್ಟ್ರೋಕ್ ಆದ ಮೇಲೆ: ತೋಟದ ಮನೆಯಲ್ಲಿ ನನ್ನ ದಿನಗಳು

ನನಗೆ ಎರಡು ಸಲ ಸ್ಟ್ರೋಕ್ ಆಗಿದೆ. ಎರಡಕ್ಕೂ ಕಾರಣ ಇನ್ನೂ ಸಿಕ್ಕಿಲ್ಲ. ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ, ವಯಸ್ಸು ಐವತ್ತು ದಾಟಿಲ್ಲ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಮನೆಯಲ್ಲಿ ಗಂಡ, ಅತ್ತೆ, ನಾನು. ಆಸ್ಪತ್ರೆಯಿಂದ ಮನೆಗೆ ಬಂದು 'ಇನ್ನು ಮುಂದೆ ಹೇಗಪ್ಪಾ' ಎಂದು ಕೂತವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಔಷಧಿಯ ವಿಷಯದಲ್ಲಿ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದನ್ನೇ ಕೇಳಿ.

ಕಾರಣ ಗೊತ್ತಾಗಿಲ್ಲ ಅಂದರೆ ಸರಿಯಾಗಿ ನೋಡಿಲ್ಲ ಅಂತ ತುಂಬಾ ಜನ ತಿಳಿಯುತ್ತಾರೆ. ಹಾಗಲ್ಲ. ತಲೆಯ ಎಂಆರ್‌ಐ, ಕತ್ತಿನ ರಕ್ತನಾಳದ ಡಾಪ್ಲರ್, ಹೃದಯದ ಎಕೋ, ಗಂಟಲಿನೊಳಗೆ ನಳಿಕೆ ಇಳಿಸಿ ಮಾಡುವ ಇನ್ನೊಂದು ಎಕೋ ಎಲ್ಲಾ ಆಯಿತು. ಸಲೈನ್‌ನಲ್ಲಿ ಸಣ್ಣ ಗುಳ್ಳೆ ಎಬ್ಬಿಸಿ ಕೈಯ ನರಕ್ಕೆ ಬಿಟ್ಟು, ಹೃದಯದ ನಡುಗೋಡೆಯಲ್ಲಿ ತೂತು ಇದೆಯಾ ಎಂದು ನೋಡಿದರು. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಆ ತೂತು ಸುಮಾರು ನಾಲ್ವರಲ್ಲಿ ಒಬ್ಬರಿಗೆ ತೆರೆದೇ ಇರುತ್ತದೆ. ನನಗೆ ಇಲ್ಲ. ರಕ್ತ ಬೇಗ ಹೆಪ್ಪುಗಟ್ಟುವ ಕಾಯಿಲೆಯ ಪರೀಕ್ಷೆಯಲ್ಲಿ ಒಂದು ಅನುಮಾನ ಬಂತು. ಅದನ್ನು ಒಂದೇ ಸಲಕ್ಕೆ ನಂಬುವುದಿಲ್ಲ, 12 ವಾರ ಬಿಟ್ಟು ಮತ್ತೆ ಮಾಡುತ್ತಾರೆ. ಎರಡನೇ ಸಲ ಏನೂ ಇರಲಿಲ್ಲ. ರಕ್ತ ಕಟ್ಟಿಕೊಂಡು ಆಗುವ ಸ್ಟ್ರೋಕ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಹೀಗೆ ಕಾರಣ ಸಿಗುವುದಿಲ್ಲ ಎಂದು ಡಾಕ್ಟರ್ ಹೇಳಿದಾಗ ನನಗೆ ಸ್ವಲ್ಪ ಸಮಾಧಾನ ಆಯಿತು.

ಮೊದಲನೆಯದರಲ್ಲಿ ಎಡಗೈ, ಎಡಗಾಲು ಸೋತವು. ಎರಡನೆಯದರಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಒಂದು ಮೆದುಳಿನ ಬಲಭಾಗದ್ದು, ಇನ್ನೊಂದು ಎಡಭಾಗದ್ದು. ಎರಡೂ ಕಡೆ ಬೇರೆಬೇರೆ ರಕ್ತನಾಳ ಕಟ್ಟಿದರೆ ಹೆಪ್ಪು ಹೃದಯದಿಂದ ಬಂದಿರಬಹುದು ಎಂಬ ಅನುಮಾನ ಜಾಸ್ತಿ. ಹೃದಯದ ಬಡಿತ ಆಗಾಗ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆ ಒಂದು ದಿನ ಮೈಗೆ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಸಿಗದೆಯೂ ಹೋಗಬಹುದು. ಅದಕ್ಕೇ ಎದೆಯ ಚರ್ಮದ ಕೆಳಗೆ ಲೂಪ್ ರೆಕಾರ್ಡರ್ ಎಂಬ ಪುಟ್ಟ ಯಂತ್ರ ಇಟ್ಟಿದ್ದಾರೆ. ಸುಮಾರು 3 ವರ್ಷ ಬಡಿತ ನೋಡುತ್ತಾ ಇರುತ್ತದೆ. ತೊಂದರೆ ಸಿಕ್ಕರೆ ಔಷಧಿ ಬದಲಾಗುತ್ತದೆ.

ಆ ತೊಂದರೆ ಸಿಕ್ಕರೆ ಕೊಡುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೋರಾದ ಔಷಧಿ. 'ಸುಮ್ನೆ ಈಗಲೇ ಅದನ್ನ ಕೊಟ್ಟುಬಿಡಿ' ಎಂದು ನಾನೇ ಕೇಳಿದ್ದೆ. ನಮ್ಮಂಥ ರೋಗಿಗಳ ಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರಂತೆ. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ರಿವರಾಕ್ಸಬಾನ್ ಎಂಬ ಔಷಧಿ ಆಸ್ಪಿರಿನ್‌ಗಿಂತ ಹೆಚ್ಚೇನೂ ಕಾಪಾಡಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿ ಆಯಿತು. ಹಾಗಾಗಿ ನನಗೆ ಆಸ್ಪಿರಿನ್ ತರಹವೇ ರಕ್ತ ಹೆಪ್ಪುಗಟ್ಟದಂತೆ ನೋಡುವ ಕ್ಲೋಪಿಡೋಗ್ರೆಲ್ ಮತ್ತು ಕೊಲೆಸ್ಟರಾಲ್ ಮಾತ್ರೆ.

ಈ ರೆಕಾರ್ಡರ್‌ಗೆ ಜೊತೆಯಾಗಿ ಮಂಚದ ಪಕ್ಕ ಇಡುವ ಒಂದು ಪೆಟ್ಟಿಗೆ ಕೊಡುತ್ತಾರೆ. ರಾತ್ರಿ ಅದು ಮೊಬೈಲ್ ನೆಟ್‌ವರ್ಕ್ ಮೂಲಕ ಮಾಹಿತಿ ಕಳಿಸುತ್ತದೆ. ಕೊಡಗಿನ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎನ್ನುವ ದಿನಗಳು ಎಷ್ಟು, ನಿಮಗೇ ಗೊತ್ತಲ್ವಾ? ಎದೆಯೊಳಗಿನ ಯಂತ್ರಕ್ಕೆ ತನ್ನದೇ ಬ್ಯಾಟರಿ, ತನ್ನದೇ ನೆನಪು ಇದೆ. ಆಮೇಲೆ ಸಂಪರ್ಕ ಸಿಕ್ಕಾಗ ಕಳಿಸುತ್ತದೆ. ಅದನ್ನು ತಿಳಿದ ಮೇಲೆ ನನಗೆ ನಿದ್ದೆ ಬಂತು. ಪೆಟ್ಟಿಗೆಯನ್ನು ಸಿಗ್ನಲ್ ಸಿಗುವ ಮೂಲೆಗೆ ಇಟ್ಟು, ಮಂಚವನ್ನೇ ಅಲ್ಲಿಗೆ ಎಳೆದೆವು.

ದಿನದ ಜೀವನದಲ್ಲಿ ದೊಡ್ಡ ಕಷ್ಟ ಕೈಯದ್ದಲ್ಲ, ಸುಸ್ತಿನದು. ಇದು ಕೆಲಸ ಮಾಡಿ ಬರುವ ಸುಸ್ತಲ್ಲ. ಮಲಗಿ ಎದ್ದರೂ ಹೋಗುವುದಿಲ್ಲ. ಹೊರಗಿನವರಿಗೆ ಕಾಣುವುದೂ ಇಲ್ಲ. 'ಈಗ ಚೆನ್ನಾಗಿದ್ದೀಯಲ್ಲ' ಎನ್ನುತ್ತಾರೆ. ನಾನು ಮಾಡಿಕೊಂಡ ನಿಯಮ ಇಷ್ಟೇ: ದಿನಕ್ಕೆ ಒಂದೇ ದೊಡ್ಡ ಕೆಲಸ. ತಲೆಸ್ನಾನವೂ ದೊಡ್ಡ ಕೆಲಸವೇ. ಶುಕ್ರವಾರ ಮಡಿಕೇರಿ ಸಂತೆಗೆ ಹೋದರೆ ಅವತ್ತು ಅಡುಗೆ ಅತ್ತೆಯದ್ದು. ಮಧ್ಯಾಹ್ನ ಊಟದ ಮೇಲೆ ಫೋನ್ ದೂರ ಇಟ್ಟು ಕಣ್ಣು ಮುಚ್ಚುತ್ತೇನೆ, ಸುಸ್ತು ಬರುವ ಮೊದಲೇ. ಬಂದ ಮೇಲೆ ಮಲಗಿದರೆ ಮಾರನೇ ದಿನವೂ ಹಾಳು. ಮದುವೆಗಳಲ್ಲಿ ವಾಲಗ, ಮೈಕು, ನಾಲ್ಕು ಕಡೆಯಿಂದ ಮಾತು. ಅಲ್ಲಿ ಪಕ್ಕದ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು, ಊಟ ಮಾಡಿ, ಎದ್ದು ಬರುತ್ತೇನೆ. ಯಾರಾದರೂ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಎಡಗೈಗೆ ಫಿಸಿಯೋಥೆರಪಿಯವರು ಹೇಳಿದ್ದು, ನಿನಗೆ ಗೊತ್ತಿರುವ ಕೆಲಸವನ್ನೇ ಕೈಗೆ ಕೊಡು ಎಂದು. ಚೆಂಡು ಹಿಸುಕುವುದು ನನಗೆ ಬೇಜಾರು. ಕಾಫಿ ಬೀಜ ಆರಿಸುವುದು ಬೇಜಾರಾಗುವುದಿಲ್ಲ. ಮೊರದಲ್ಲಿ ಒಂದು ಹಿಡಿ ಬೀಜ ಹರಡಿ, ಕಪ್ಪಾದದ್ದು, ಒಡೆದದ್ದು, ಹುಳ ತೂತು ಮಾಡಿದ್ದು ಎಲ್ಲಾ ಎಡಗೈ ಹೆಬ್ಬೆರಳು, ತೋರುಬೆರಳಿನಲ್ಲೇ ಎತ್ತಬೇಕು. ಬಲಗೈ ಸಹಾಯಕ್ಕೆ ಓಡಿ ಬರುತ್ತದೆ. ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮೊದಮೊದಲು ಬೀಜ ಬೆರಳಿಗೆ ಸಿಗದೆ ಜಾರುತ್ತಿತ್ತು. ಸಿಕ್ಕಿತು ಎಂದುಕೊಂಡರೆ ಎತ್ತುವಷ್ಟರಲ್ಲಿ ಬಿದ್ದಿರುತ್ತಿತ್ತು. ಕಾಫಿಯಾದ ಮೇಲೆ ಕರಿಮೆಣಸು. ಮೆಣಸಿನ ಗೊಂಚಲಿನಿಂದ ಕಾಳು ಉದುರಿಸುವುದಕ್ಕೆ ಎರಡು ಕೈ ಬೇಕು, ಒಂದು ಹಿಡಿಯಲು, ಒಂದು ಉಜ್ಜಲು. ನಾನು ಎಡಗೈಯನ್ನು ಉಜ್ಜಲು ಹಾಕಿದೆ. ಆಮೇಲೆ ಬಾಳೆಲೆಯ ಮೇಲೆ ಅಕ್ಕಿರೊಟ್ಟಿ ತಟ್ಟುವುದು ಬಂತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅತ್ತೆ ಏನೂ ಹೇಳದೆ ಅದನ್ನೇ ತಿಂದರು.

ಬಿಸಿಯ ವಿಷಯದಲ್ಲಿ ಜೋಪಾನ. ನನ್ನ ಎಡಗೈಗೆ ಬಿಸಿ ತಡವಾಗಿ ಗೊತ್ತಾಗುತ್ತದೆ. ಹಂಡೆ ನೀರನ್ನು ಯಾವಾಗಲೂ ಬಲಗೈ ಹಾಕಿಯೇ ನೋಡುತ್ತೇನೆ. ಡಿಸೆಂಬರ್ ಚಳಿಯಲ್ಲಿ ಒಲೆಯ ಮುಂದೆ ಕೂತರೆ ಎಡಭಾಗ ಬೆಂಕಿಗೆ ದೂರ. ಬಿಸಿನೀರಿನ ಚೀಲ ಎಡಗಾಲಿಗೆ ಇಡುವುದೇ ಇಲ್ಲ. ಬಚ್ಚಲಿನಲ್ಲಿ ಸ್ಟೂಲ್, ಗೋಡೆಗೆ ಹಿಡಿಕೆ, ನೆಲಕ್ಕೆ ಒರಟು ಚಾಪೆ. ಇಷ್ಟು ಮೊದಲ ದಿನವೇ ಮಾಡಿಸಿ.

ಇನ್ನು ಮಳೆಗಾಲ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕೋಲು ಹಿಡಿದರೆ ಜಾರಿದಾಗ ಹಿಡಿಯಲು ಕೈಯೇ ಇಲ್ಲ. ಅದಕ್ಕೆ ಕೊಡೆ ಬಿಟ್ಟು ಟೋಪಿ ಇರುವ ರೇನ್‌ಕೋಟ್ ಹಾಕುತ್ತೇನೆ. ಅಂಗಳದ ಪಾಚಿಗೆ ಗಂಡ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಾರೆ. ಮೆಟ್ಟಿಲಿಗೆ ಪೈಪ್ ಹಿಡಿಕೆ ಹಾಕಿಸಿದೆವು. ಗಮ್‌ಬೂಟನ್ನು ಒಂದು ಅಳತೆ ದೊಡ್ಡದು ತಂದೆ, ಒಂದೇ ಕೈಯಲ್ಲಿ ಎಳೆಯಬೇಕಲ್ಲ. ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವುತ್ತೇನೆ. ಜೋಮು ಹಿಡಿದ ಕಾಲಿಗೆ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ.

ಇಂಬಳದ (ಜಿಗಣೆಯ) ವಿಷಯವನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುತ್ತದೆ. ಮಾಮೂಲಿ ಜನಕ್ಕೇ ರಕ್ತ ಸುಮಾರು ಹೊತ್ತು ಹರಿಯುತ್ತದೆ. ನಮ್ಮ ಮಾತ್ರೆಯೂ ಸೇರಿದರೆ ಇನ್ನೂ ಜಾಸ್ತಿ. ತೋಟದಿಂದ ಬಂದ ತಕ್ಷಣ ಎಡಗಾಲನ್ನು ಬೆಳಕಿಗೆ ಚಾಚಿ, ಬೆರಳಸಂದಿ ಸಮೇತ ನೋಡುತ್ತೇನೆ. ಕಚ್ಚಿದ್ದರೆ ಸೋಪು ಹಾಕಿ ತೊಳೆದು, ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇನೆ. ನಡುವೆ ತೆಗೆದು ತೆಗೆದು ನೋಡಬಾರದು. ಎಷ್ಟು ಒತ್ತಿದರೂ ನಿಲ್ಲದಿದ್ದರೆ ಡಾಕ್ಟರ್. ರಕ್ತ ಹರಿಯಿತು ಎಂದು ಹೆದರಿ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಜೂನ್‌ಗೆ ಮೊದಲೇ ಹೆಚ್ಚು ದಿನಕ್ಕೆ ಮಾತ್ರೆ ತಂದಿಡುತ್ತೇವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿದ್ದನ್ನು ಕಂಡವರು ನಾವು. ಬಿಪಿ ಯಂತ್ರದ ಬ್ಯಾಟರಿಯೂ ಇರಲಿ. ಮೊದಲು ಬಿಪಿ ಇಲ್ಲದಿದ್ದರೂ ಈಗ ನೋಡಿ ಬರೆದಿಡುತ್ತೇನೆ, 130/80ರ ಒಳಗೆ ಇರಬೇಕು ಎಂದಿದ್ದಾರೆ. ಉಪ್ಪಿನಕಾಯಿ, ಒಣಮೀನು ಕಡಿಮೆಯಾಗಿದೆ. ಸಾರಿಗೆ ಉಪ್ಪು ಇಳಿಸಿ ಒಂದೆರಡು ಹನಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿದರೆ ನಾಲಿಗೆಗೆ ಅಷ್ಟು ಕೊರತೆ ಕಾಣುವುದಿಲ್ಲ.

ಮಾತಿಗೆ ನನಗೆ ಪತ್ರಿಕೆ ಸಹಾಯ ಮಾಡಿತು. ಮಡಿಕೇರಿಯ 'ಶಕ್ತಿ'ಯನ್ನು ಬೆಳಿಗ್ಗೆ ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಮಳೆ ಎಷ್ಟು ಇಂಚು, ಆನೆ ಎಲ್ಲಿ ಬಂತು, ಮೆಣಸಿಗೆ ಎಷ್ಟು ರೇಟು. ಪದ ಸಿಕ್ಕದಿದ್ದರೆ ಅತ್ತೆ ತಾವು ಹೇಳುವುದಿಲ್ಲ, ಕಾಯುತ್ತಾರೆ. ಸ್ಪೀಚ್ ಥೆರಪಿಯವರು ಮನೆಯವರಿಗೆ ಹೇಳಿಕೊಟ್ಟ ಮೊದಲ ಪಾಠ ಅದು. ಅಂಗಡಿಗೆ ಹೋಗುವಾಗ ಚೀಟಿ ಬರೆದೇ ಹೋಗುತ್ತೇನೆ. ಕೆಲವೊಮ್ಮೆ ಏನೂ ಇಲ್ಲದೆ ಅಳು ಬಂದುಬಿಡುತ್ತದೆ. ಅದು ಮೆದುಳಿನ ಪೆಟ್ಟಿನಿಂದಲೂ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ಸಂಕೋಚ ಬಿಟ್ಟು ಹೇಳಿ.

ನೋಡಲು ಬಂದವರು ಕೇಳುವುದು ಒಂದೇ: ಯಾಕೆ ಬಂತು? ಟೆನ್ಶನ್ನಾ? ದೃಷ್ಟಿಯಾ? ತಣ್ಣೀರು ಸ್ನಾನವಾ? ಈ ಪ್ರಶ್ನೆ ನನ್ನನ್ನೂ ರಾತ್ರಿ ಬಹಳ ಕಾಡಿದೆ. ಪ್ರತಿ ಸಲ ಎದೆ ಡವಗುಟ್ಟಿದಾಗ ಇದೇನಾ ಎನಿಸುತ್ತಿತ್ತು. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಏನಾಯಿತು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಇತ್ತು, ಬರೆದು ಮುಚ್ಚುತ್ತೇನೆ. ಮೈಸೂರಿಗೆ ತೋರಿಸಲು ಹೋದಾಗ ಅದನ್ನೇ ಡಾಕ್ಟರ್ ಮುಂದೆ ತೆರೆಯುತ್ತೇನೆ. ಬಂದವರಿಗೆ, 'ಹುಡುಕುತ್ತಾ ಇದ್ದಾರೆ, ಅಷ್ಟರೊಳಗೆ ನಾನು ಮಾತ್ರೆ ತಗೊಂಡು ಕೆಲಸ ಮಾಡ್ತಾ ಇದ್ದೇನೆ' ಎನ್ನುತ್ತೇನೆ. ಎಣ್ಣೆ, ಕಷಾಯ, ಬೇರು ತಂದುಕೊಡುವವರ ಪ್ರೀತಿ ದೊಡ್ಡದು. ಆದರೆ ಡಾಕ್ಟರನ್ನು ಕೇಳದೆ ಹೊಟ್ಟೆಗೆ ಏನೂ ತೆಗೆದುಕೊಳ್ಳುವುದಿಲ್ಲ.

ಕಾರಣ ಗೊತ್ತಿಲ್ಲದ ಮೇಲೆ ಮತ್ತೆ ಬಂದರೆ ಏನು ಮಾಡಬೇಕು ಎಂಬುದಂತೂ ಗೊತ್ತಿರಬೇಕು. ನಮ್ಮ ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿದೆ. ಮುಖ ಸೊಟ್ಟಗಾಯಿತಾ, ಕೈ ಬಿದ್ದಿತಾ, ಮಾತು ತೊದಲಿತಾ ನೋಡಿ, ಕೊನೆಯ ಸಲ ನಾನು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆಯಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆ ಸಮಯ. ತಡವಾಯಿತು ಎಂದೂ ಮನೆಯಲ್ಲಿ ಕೂರಬಾರದು, ಕೆಲವರಿಗೆ 24 ಗಂಟೆಯ ತನಕ ನಳಿಕೆ ಹಾಕಿ ಹೆಪ್ಪು ತೆಗೆಯಲು ಆಗುತ್ತದೆ. ಬಾಯಿಗೆ ನೀರು, ಕಾಫಿ, ಆಸ್ಪಿರಿನ್ ಏನೂ ಹಾಕಬಾರದು. ಮೆದುಳಿನಲ್ಲಿ ರಕ್ತಸ್ರಾವವೂ ಆಗಿರಬಹುದು, ಅದು ಸಿ.ಟಿ. ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಹಾಳೆಯ ಕೆಳಗೆ 108, ಸದಾ ಸಿ.ಟಿ. ಇರುವ ಆಸ್ಪತ್ರೆಯ ನಂಬರ್, ಜೀಪ್ ಇರುವ ಇಬ್ಬರು ನೆರೆಯವರ ನಂಬರ್, ನನ್ನ ಮಾತ್ರೆಗಳ ಹೆಸರು. ನಮ್ಮ ದಾರಿಯಲ್ಲಿ ರಾತ್ರಿ ಆನೆ ನಿಲ್ಲುತ್ತದೆ. ಅದಕ್ಕೆ ಎರಡನೇ ದಾರಿಯನ್ನೂ ಗೀಟು ಹಾಕಿ ಬರೆದಿದ್ದೇವೆ. ಆ ದಾರಿಯ ಗೇಟಿನ ಕೀಲಿ ಪಕ್ಕದ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಇರುತ್ತದೆ, ಅವರ ನಂಬರನ್ನೂ ಮೊನ್ನೆ ಸೇರಿಸಿದೆವು.