ಪ್ಲೇಗಿನಿಂದ 1381ರ ದಂಗೆಯವರೆಗೆ: ತರಗತಿಗೆ ಪಾಠ ಕಟ್ಟುವ ಬಗೆ

ಇಂಗ್ಲೆಂಡಿಗೆ 1348ರಲ್ಲಿ ಪ್ಲೇಗು ಬಂತು, ಜನ ಸತ್ತರು, 1381ರಲ್ಲಿ ರೈತರು ದಂಗೆ ಎದ್ದರು ಎಂದು ಮುಗಿಸಿಬಿಟ್ಟರೆ ನಡುವಿನ 33 ವರ್ಷಗಳು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಶಿರಸಿ ಸೀಮೆಯಲ್ಲಿ ಪದವಿ ತರಗತಿಗೆ ಈ ಪಾಠ ಮಾಡುವವರು ರೋಗಕ್ಕಿಂತ ಮೊದಲು ಕೂಲಿಯ ಮಾತೆತ್ತುವುದು ಒಳ್ಳೆಯದು. ಅಡಿಕೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗದಿದ್ದರೆ ಅವನು ಕೇಳಿದಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಹಾಗೆ ಕೇಳುವುದೇ ಅಪರಾಧವೆಂದು ಸರ್ಕಾರ ಕಾನೂನು ತಂದರೆ ಏನಾದೀತೆಂದು ಪ್ರಶ್ನಿಸಿ, ಸ್ವಲ್ಪ ಹೊತ್ತು ಅವರನ್ನೇ ಮಾತಾಡಲು ಬಿಡಿ.

ಆಮೇಲೆ ಇಂಗ್ಲೆಂಡಿಗೆ ಹೋಗಿ. 1348ರ ಬೇಸಿಗೆಯಲ್ಲಿ ಡಾರ್ಸೆಟ್ ಕರಾವಳಿಯ ಮೆಲ್ಕಂಬ್ ಬಂದರಿನ ಮೂಲಕ ಬಂದ ಪ್ಲೇಗು ಎರಡು ವರ್ಷ ತುಂಬುವುದರೊಳಗೆ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಕೊಂದಿತು. 1349ರ ಜನವರಿಯಲ್ಲಿ ಸೇರಬೇಕಿದ್ದ ಪಾರ್ಲಿಮೆಂಟನ್ನೇ ಮುಂದೂಡಬೇಕಾಯಿತು. ಆದರೂ ಮೂರನೆಯ ಎಡ್ವರ್ಡನ ಸರ್ಕಾರ ಅದೇ ಜೂನ್‌ನಲ್ಲಿ ಸುಗ್ರೀವಾಜ್ಞೆಯನ್ನೂ 1351ರಲ್ಲಿ ಕಾರ್ಮಿಕರ ಶಾಸನವನ್ನೂ ಹೊರಡಿಸಿ, ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕಲು ಹೊರಟಿತು. ಪಾಠದ ತಿರುಳು ಇಲ್ಲಿದೆ, ಅವಸರ ಬೇಡ. ಪಾರ್ಲಿಮೆಂಟಿನಲ್ಲಿ ಇದಕ್ಕೆ ಒತ್ತಾಯಿಸಿದವರು ಭೂಮಾಲೀಕರು; ಶಾಸನ ಮೀರಿದವರಿಗೆ ದಂಡ ಹಾಕಿದ ನ್ಯಾಯಾಧಿಕಾರಿಗಳೂ ಹೆಚ್ಚಾಗಿ ಅದೇ ವರ್ಗದವರು. ಒಡೆಯ ಮತ್ತು ಆಳಿನ ನಡುವಿನ ಚೌಕಾಸಿಗೆ ರಾಜ್ಯವೇ ಬಂದು ಕೂತದ್ದನ್ನು, ಸತ್ತವರ ಲೆಕ್ಕಕ್ಕಿಂತ ದೊಡ್ಡ ರಾಜಕೀಯ ಬದಲಾವಣೆಯೆಂದೇ ನಾನು ಎಣಿಸುತ್ತೇನೆ.

1361ರ ಎರಡನೆಯ ಪ್ಲೇಗಿಗೆ ಒಂದು ವಾಕ್ಯ ಸಾಕು. ಜನಸಂಖ್ಯೆ ಚೇತರಿಸಿಕೊಳ್ಳಲಿಲ್ಲವೆಂದು ತಿಳಿದರಾಯಿತು. ಮುಂದೆ ತಲೆಗಂದಾಯಕ್ಕೆ ಬನ್ನಿ. ಫ್ರಾನ್ಸಿನ ಯುದ್ಧದ ಖರ್ಚಿಗಾಗಿ 1377ರಲ್ಲಿ ತಲೆಗೆ 4 ಪೆನ್ನಿಯಿದ್ದದ್ದು 1380ರ ಕೊನೆಗೆ 12 ಪೆನ್ನಿಯಾಯಿತು. ಇಲ್ಲೊಂದು ಎಚ್ಚರಿಕೆ: ತೆರಿಗೆ ಪಟ್ಟಿಯಲ್ಲಿದ್ದವರ ಸಂಖ್ಯೆ ಈ ನಡುವೆ ಸುಮಾರು ಹದಿಮೂರೂವರೆ ಲಕ್ಷದಿಂದ ಒಂಬತ್ತು ಲಕ್ಷಕ್ಕೆ ಕುಸಿದದ್ದನ್ನು ಕಂಡ ಯಾರಾದರೊಬ್ಬ ವಿದ್ಯಾರ್ಥಿ ಅದನ್ನೂ ಪ್ಲೇಗಿನ ತಲೆಗೆ ಕಟ್ಟಿಯೇ ಕಟ್ಟುತ್ತಾನೆ. ಪಟ್ಟಿಯಿಂದ ಕಾಣೆಯಾದವರಲ್ಲಿ ಬಹುಪಾಲು ಜನ ಸತ್ತಿರಲಿಲ್ಲ, ತೆರಿಗೆಯಿಂದ ತಪ್ಪಿಸಿಕೊಂಡಿದ್ದರು. ಅಂಥವರನ್ನು ಹುಡುಕಲು ಅಧಿಕಾರಿಗಳು ಹಳ್ಳಿಗೆ ಬಂದಾಗಲೇ ಎಸೆಕ್ಸ್‌ನಲ್ಲಿ ಕಿಡಿ ಹೊತ್ತಿದ್ದು.

ಕೊನೆಗೆ ದಂಗೆಯವರು ಯಾರನ್ನು ಹುಡುಕಿ ಕೊಂದರು, ಏನನ್ನು ಸುಟ್ಟರು ಎಂದು ವಿದ್ಯಾರ್ಥಿಗಳಿಂದಲೇ ಪಟ್ಟಿ ಮಾಡಿಸಿ. ರಾಜನ ಸರ್ಕಾರದ ಚಾನ್ಸಲರ್ ಸಡ್‌ಬರಿ, ಖಜಾಂಚಿ ಹೇಲ್ಸ್, ಭೂಮಾಲೀಕರ ಒಡೆತನದ ದಾಖಲೆ ಪತ್ರಗಳು, ಹೀಗೆ ಸಾಗುವ ಆ ಪಟ್ಟಿಯ ಒಂದೊಂದು ಹೆಸರಿನ ಎದುರೂ ಕೂಲಿ, ತೆರಿಗೆ, ಜೀತ ಇವುಗಳಲ್ಲಿ ಯಾವುದು ಕಾರಣವೆಂದು ಅವರೇ ಬರೆಯಲಿ.